ನರತಂತುವಿನ ಗೆಣ್ಣು ಎಲ್ಲಿದೆ?

ದಾವಣಗೆರೆಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ ಎಂದಿದ್ದೀರಿ. ಬೆಳೆಯುವ ನರತಂತು (ನರಕೋಶದಿಂದ ಹೊರಡುವ ಉದ್ದನೆಯ ಎಳೆ, ಅಂದರೆ ಆಕ್ಸಾನ್) ತುದಿಯಲ್ಲಿ ಮಾತ್ರ ಕವಲೊಡೆಯುತ್ತದೆಯೇ, ಹೊರಗಿನ ರಾಸಾಯನಿಕಗಳಿಗೆ ಅದರಲ್ಲಿ ಏನು ಕೆಲಸ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ತುದಿಯೂ ಸೀಳುತ್ತದೆ. ಆದರೆ ಮಿದುಳಿನ ಹೊರಪದರದ ಕೋಶಗಳಲ್ಲಿ ಕವಲು ಜಾಸ್ತಿ ಬರುವುದು ನಡುವಿನಿಂದ. ಚಿತ್ರದುರ್ಗದಲ್ಲಿ ನಮ್ಮ ಹಿತ್ತಲಿನ ಕುಂಬಳ ಬಳ್ಳಿಯೂ ಹಾಗೇ. ತುದಿ ಮುಂದೆ ಹರಿಯುತ್ತಿರುತ್ತದೆ, ಹಿಂದಿನ ಗೆಣ್ಣಿನಲ್ಲಿ ಹೊಸ ಕುಡಿ ಏಳುತ್ತದೆ. ಬಳ್ಳಿಗೆ ಗೆಣ್ಣು ಮೊದಲೇ ಇರುತ್ತದೆ. ನರತಂತುವಿಗೆ ಇಲ್ಲ, ಅಲ್ವಾ? ಎಷ್ಟೋ ಸಲ ಹೊರಗಿನ ರಾಸಾಯನಿಕ ಸಂಕೇತ ತಾಗಿದ ಜಾಗವೇ ಅದರ ಗೆಣ್ಣು.

ನೆಟ್ರಿನ್-1 ಎಂಬ ಪ್ರೋಟೀನ್ ತಾಗಿದ ಕಡೆ ಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಸಣ್ಣ ಬೆರಳುಗಳನ್ನು ಹೊರಚಾಚುತ್ತವೆ. ಸುಮ್ನೆ ಚಾಚಿದರೆ ಸಾಲದು. ಕೋಶದೊಳಗಿನ ಸಣ್ಣ ಕೊಳವೆಗಳಾದ ಮೈಕ್ರೋಟ್ಯೂಬುಲ್‌ಗಳು ಆ ಬೆರಳಿನೊಳಗೆ ನುಗ್ಗಬೇಕು. ನುಗ್ಗದಿದ್ದರೆ ಬೆರಳು ಒಳಸರಿಯುತ್ತದೆ, ಕವಲು ನಿಲ್ಲುವುದಿಲ್ಲ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಹಂತ ಇದು.

ಸೆಮಾಫೋರಿನ್-3ಎ ಎಂಬ ಇನ್ನೊಂದು ಪ್ರೋಟೀನ್ ನೆಟ್ರಿನ್-1ಕ್ಕೆ ಉಲ್ಟಾ, ಆಕ್ಸಾನಿನ ಕವಲನ್ನು ತಡೆಯುತ್ತದೆ. ಹಾಗಂತ ಅದನ್ನು 'ತಡೆಯುವ ರಾಸಾಯನಿಕ' ಎಂದು ಬಾಯಿಪಾಠ ಮಾಡಬೇಡಿ. ಹೊರಪದರದ ಅದೇ ಬಗೆಯ ಕೋಶದಲ್ಲಿ ಅದು ಸಂದೇಶ ಬರಮಾಡಿಕೊಳ್ಳುವ ಎಳೆಯಾದ ಡೆಂಡ್ರೈಟನ್ನು ತನ್ನತ್ತ ಸೆಳೆಯುತ್ತದೆ. ಸಂಕೇತ ಒಂದೇ, ಅದನ್ನು ಹಿಡಿಯುವ ಭಾಗದ ಒಳಗಿನ ಸ್ಥಿತಿ ಬೇರೆ.