ವೈದ್ಯರಲ್ಲಿ ಕೇಳಿ: 'ಕರಳ್' ಬೇರೆ, ಕರುಳು ಬೇರೆ

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಹಳ್ಳಿ. 58 ವರ್ಷದ ನನ್ನ ಅಮ್ಮನ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ 'ಮೈಲ್ಡ್ ಹೆಪಟೋಮೆಗಲಿ, ಗ್ರೇಡ್ 1 ಫ್ಯಾಟಿ ಲಿವರ್, ಸ್ಪ್ಲೀನ್ ಅನ್‌ರಿಮಾರ್ಕೆಬಲ್' ಎಂದು ಬರೆದಿದ್ದಾರೆ. ಕುಟುಂಬ ಆರೋಗ್ಯ ಕೇಂದ್ರದ ನರ್ಸ್ ಅದನ್ನು ಓದಿ ಮಲಯಾಳದಲ್ಲಿ 'ಕರಳಿಲ್ ಕೊಳುಪ್ಪ್' ಎಂದರು. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಇರುವುದನ್ನು ನೋಡಿ ಪ್ರಮೇಹ ಬರುವ ಹಂತ ಎಂದೂ ಹೇಳಿದರು. ಕರುಳಿನಲ್ಲಿ ಕೊಬ್ಬು ಕಟ್ಟಿಕೊಂಡಿದೆಯೆಂದು ಹೆದರಿ ಅಮ್ಮ ಊಟವನ್ನು ಅರ್ಧಕ್ಕೆ ಇಳಿಸಿದ್ದಾರೆ. ಎರಡನೆಯ ಮಾತನ್ನಂತೂ ಮನೆಯಲ್ಲಿ ಎತ್ತಲೂ ನಾಚುತ್ತಾರೆ. ಇದು ದೊಡ್ಡ ಕಾಯಿಲೆಯೇ?

ಉತ್ತರ: ನಿಮ್ಮ ಅಮ್ಮನಿಗೆ ಮೊದಲು ಹೇಳಬೇಕಾದದ್ದು, ಕರುಳಿಗೆ ಏನೂ ಆಗಿಲ್ಲ ಎಂಬುದನ್ನು. ಮಲಯಾಳದಲ್ಲಿ 'ಕರಳ್' ಎಂದರೆ ನಾವು ಯಕೃತ್ತು ಅಥವಾ ಪಿತ್ತಜನಕಾಂಗ ಎನ್ನುವ ಲಿವರ್. ನಮ್ಮ ಕರುಳಿಗೆ ಅವರು 'ಕುಡಲ್' ಎನ್ನುತ್ತಾರೆ. ನರ್ಸ್ ಹೇಳಿದ್ದು ಸರಿಯಾಗಿಯೇ ಇತ್ತು, ಕೇಳಿದ ಕಿವಿ ಕನ್ನಡದ್ದಾಗಿತ್ತು, ಅಷ್ಟೆ. ಕಾಸರಗೋಡಿನ ಕಡೆಯಿಂದ ಬರುವ ರೋಗಿಗಳಲ್ಲಿ ಈ ಗೊಂದಲವನ್ನು ನಾನು ಹಲವು ಬಾರಿ ಕಂಡಿರುವುದರಿಂದ, ಈಗ ಯಾರಾದರೂ 'ಕರುಳಿನ ತೊಂದರೆ' ಎಂದರೆ ಬಲಪಕ್ಕೆಯ ಕೆಳಗೋ ಹೊಕ್ಕುಳ ಸುತ್ತಲೋ ಎಂದು ಕೈಯಿಟ್ಟು ತೋರಿಸಲು ಹೇಳುತ್ತೇನೆ.

'ಪ್ರಮೇಹ'ದ ಕಥೆಯೂ ಇಂಥದ್ದೇ. ಮಲಯಾಳದಲ್ಲಿ ಅದು ಸಕ್ಕರೆ ಕಾಯಿಲೆಗೆ ಇರುವ ದಿನಬಳಕೆಯ ಹೆಸರು. ಕನ್ನಡದಲ್ಲಿ ಹಲವರು ಅದನ್ನು ಲೈಂಗಿಕ ರೋಗವೆಂಬ ಅರ್ಥದಲ್ಲಿ ಕೇಳಿರುವುದರಿಂದ ಅಮ್ಮ ನಾಚಿದ್ದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ 'ಮಧುಮೇಹ' ಎಂದು ಹೇಳಿಬಿಡಿ, ಅದೂ ಇನ್ನೂ ಬಂದಿಲ್ಲ ಎಂದು ಸೇರಿಸಿ. ರಕ್ತದ ಕೆಂಪುಕಣ ಸುಮಾರು 120 ದಿನ ಬದುಕುತ್ತದೆ, ಆ ಅವಧಿಯಲ್ಲಿ ಅದರ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಎಷ್ಟು ಅಂಟಿದೆ ಎಂಬುದನ್ನು ಅಳೆಯುವ ಎಚ್‌ಬಿಎ1ಸಿ, ಆ ದಿನ ಬೆಳಗಿನ ಸಕ್ಕರೆಯನ್ನಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. 5.7ರಿಂದ 6.4ರವರೆಗೆ ಮಧುಮೇಹಪೂರ್ವ ಹಂತ, 6.5 ಮತ್ತು ಮೇಲೆ ಮಧುಮೇಹ. ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದಾದ್ದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನೂ ನೋಡಿಸಿ.

ಇನ್ನು ವರದಿಯ ಭಾಷೆ. 'ಹೆಪಟೋ' ಎಂದರೆ ಯಕೃತ್ತಿಗೆ ಸಂಬಂಧಿಸಿದ್ದು, 'ಮೆಗಲಿ' ಎಂದರೆ ಹಿಗ್ಗಿರುವುದು, 'ಮೈಲ್ಡ್' ಎಂದರೆ ಅಲ್ಪ ಪ್ರಮಾಣದಲ್ಲಿ. ಅಂದರೆ ಹೆಪಟೋಮೆಗಲಿ ಎನ್ನುವುದು ರೋಗದ ಹೆಸರಲ್ಲ, ಕಂಡದ್ದರ ವರ್ಣನೆ. ಕೊಬ್ಬು ಸೇರಿದ ಯಕೃತ್ತು ಸ್ಕ್ಯಾನಿಂಗ್ ಪರದೆಯ ಮೇಲೆ ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಕಾಣುತ್ತದೆ. ಆ ಬಿಳುಪಿನ ಮಟ್ಟವನ್ನು 1, 2, 3 ಎಂದು ಗುರುತಿಸುತ್ತಾರೆ, ಒಂದು ಎಂದರೆ ಅತಿ ಕಡಿಮೆ. ಸ್ಪ್ಲೀನ್ ಎಂದರೆ ಗುಲ್ಮ. ಅದರ ಮುಂದಿರುವ 'ಅನ್‌ರಿಮಾರ್ಕೆಬಲ್' ಓದಿ ಗಾಬರಿಯಾದವರಿದ್ದಾರೆ. ಹೇಳುವಂಥದ್ದೇನೂ ಇಲ್ಲ, ಸರಿಯಾಗಿದೆ ಎಂಬುದೇ ಅದರ ಅರ್ಥ. ನಮ್ಮ ಕನ್ನಡ ಹೆಸರುಗಳೂ ಇಲ್ಲಿ ಪೂರ್ತಿ ನಿರಪರಾಧಿಗಳಲ್ಲ: ಪಿತ್ತಜನಕಾಂಗದಲ್ಲಿ ಪಿತ್ತರಸ ಹುಟ್ಟುತ್ತದೆ, ಪಿತ್ತಕೋಶದಲ್ಲಿ ಅದು ಶೇಖರವಾಗುತ್ತದೆ, ಆದರೆ ಮಾತಿನ ಭರದಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳುವವರೇ ಹೆಚ್ಚು.

ಅಮ್ಮ ಊಟ ಬಿಡಬೇಕಾಗಿಲ್ಲ. ಕುಚ್ಚಲಕ್ಕಿ ಅನ್ನದ ಪ್ರಮಾಣ ಸ್ವಲ್ಪ ಇಳಿಸಿ ಬಸಳೆ, ಹರಿವೆ, ಹುರುಳಿ ಹೆಚ್ಚಿಸಲಿ. ಚಹಾದ ಸಕ್ಕರೆ ನಿಲ್ಲಿಸಲಿ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ತೂಕ ಹೆಚ್ಚಿದ್ದರೆ ಅದನ್ನು ನಿಧಾನವಾಗಿ ಇಳಿಸುವುದರಿಂದ ಯಕೃತ್ತಿನ ಕೊಬ್ಬೂ ಕರಗುತ್ತದೆ. ಎರಡೂ ವರದಿಗಳನ್ನು ಒಟ್ಟಿಗೆ ವೈದ್ಯರಿಗೆ ತೋರಿಸಿ, ಎಚ್‌ಬಿಎ1ಸಿ ಮತ್ತೆ ಯಾವಾಗ ಮಾಡಿಸಬೇಕೆಂದು ಕೇಳಿ.

ಪ್ರಶ್ನೆ: ಅಪ್ಪನಿಗೆ ಗ್ಯಾಸ್ಟ್ರೈಟಿಸ್ ಇದೆ, ಗ್ಯಾಸ್ಟ್ರೋಸ್ಕೋಪಿ ಮಾಡಬೇಕು ಎಂದಿದ್ದಾರೆ. ಜಠರವನ್ನು ಕತ್ತರಿಸುತ್ತಾರೆಯೇ? (ಬದಿಯಡ್ಕದಿಂದ ಒಬ್ಬ ಓದುಗರು)

ಉತ್ತರ: ಇಲ್ಲ. ಪದದ ಬಾಲ ನೋಡಿ: 'ಐಟಿಸ್' ಇದ್ದರೆ ಉರಿಯೂತ, 'ಸ್ಕೋಪಿ' ಇದ್ದರೆ ಒಳಗೆ ನೋಡುವುದು, 'ಎಕ್ಟಮಿ' ಇದ್ದರೆ ಕತ್ತರಿಸಿ ತೆಗೆಯುವುದು. ಅಪ್ಪನಿಗೆ ತುದಿಯಲ್ಲಿ ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಜಠರದ ಒಳಪದರವನ್ನು ನೋಡುತ್ತಾರೆ. ಜಠರ ಖಾಲಿಯಿರಬೇಕಾದ್ದರಿಂದ ಹಿಂದಿನ ರಾತ್ರಿಯ ಊಟವನ್ನು ಎಷ್ಟು ಗಂಟೆಗೆ ಮುಗಿಸಬೇಕೆಂದು ಕೇಳಿಕೊಂಡು ಬನ್ನಿ.