ತುಟಿಗೆ ಇಟ್ಟ ಒದ್ದೆ ಅರಳೆ

ಸಿಂದಗಿ ತಾಲ್ಲೂಕಿನ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ಆರು ಪುಟಗಳ ಪತ್ರ ಬರೆದಿದ್ದಾರೆ. ಅನ್ನನಾಳದ ಕ್ಯಾನ್ಸರಿನಿಂದ ನರಳಿದ ಅವರ ತಂದೆ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕೊನೆಯ ನಾಲ್ಕು ದಿನ ಕಳೆದರು. ಮೂರನೆಯ ದಿನ ಅಣ್ಣ ಚಮಚದಿಂದ ಗಂಜಿ ಹಾಕಲು ಹೋದಾಗ ಅಲ್ಲಿದ್ದ ನರ್ಸ್ ಕೈ ತಡೆದು, "ಈಗ ಏನೂ ಹಾಕಬ್ಯಾಡ್ರಿ, ಅರಳಿ ಒದ್ದಿ ಮಾಡಿ ತುಟಿಗೆ ಹಚ್ಚರಿ ಸಾಕು" ಎಂದರಂತೆ. ಮರುದಿನ ನಸುಕಿನಲ್ಲಿ ತಂದೆ ತೀರಿಕೊಂಡರು. ಅಂದಿನಿಂದ ಸೋದರತ್ತೆ "ನನ್ನ ತಮ್ಮ ಹಸಕೊಂಡ ಹೋದ" ಎಂದು ಹೇಳುತ್ತಲೇ ಇದ್ದಾರೆ. ಪತ್ರದಲ್ಲಿರುವ ಪ್ರಶ್ನೆಗಳು ಎರಡು: ಆ ನರ್ಸ್ ಮಾಡಿದ್ದು ಸರಿಯೇ? ಅಷ್ಟು ಮಾತನಾಡುವ ಅಧಿಕಾರ ಅವರಿಗೆ ಎಲ್ಲಿಂದ ಬಂತು?

ಮಾನ್ಯರೇ,

ನಿಮ್ಮ ಸೋದರತ್ತೆಯವರ ಸಂಕಟ ನನಗೆ ತಿಳಿಯದ್ದಲ್ಲ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸದ ಸೀಮೆ ನಮ್ಮದು. ಹೋಗುವವರ ಬಾಯಿಗೆ ನಾಲ್ಕು ಹನಿ ತೀರ್ಥವನ್ನಾದರೂ ಬಿಡಬೇಕೆನ್ನುವ ಹಂಬಲವನ್ನು ತಪ್ಪೆಂದು ಯಾರೂ ಹೇಳಲಾರರು. ಆದರೂ ಆ ನರ್ಸ್ ಮಾಡಿದ್ದೇ ಸರಿ.

ಸಾವು ಸಮೀಪಿಸಿದಾಗ ದೇಹ ತನ್ನ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬರುತ್ತದೆ. ಹಸಿವು ಅಡಗುತ್ತದೆ, ಕರುಳು ಅನ್ನವನ್ನು ಅರಗಿಸುವುದಿಲ್ಲ, ನುಂಗುವ ಶಕ್ತಿ ಕುಂದುತ್ತದೆ. ಆ ಸ್ಥಿತಿಯಲ್ಲಿ ಪ್ರೀತಿಯಿಂದ ಹಾಕಿದ ಒಂದು ಚಮಚ ಗಂಜಿ ಶ್ವಾಸನಾಳಕ್ಕೆ ಇಳಿದರೆ ಕೆಮ್ಮು, ಉಬ್ಬಸ, ಪುಪ್ಪುಸದ ಸೋಂಕು. ಸಲೈನ್ ಏರಿಸಿದರೂ ಅಷ್ಟೇ; ದೇಹ ಹೊರಹಾಕಲಾರದ ನೀರು ಕಾಲುಗಳಲ್ಲಿ ಬಾವಾಗಿ, ಎದೆಯಲ್ಲಿ ಗೊರಗೊರ ಸದ್ದಾಗಿ ನಿಲ್ಲುತ್ತದೆ. ರೋಗಿಯನ್ನು ಆಗ ಹೆಚ್ಚು ಕಾಡುವುದು ಒಣಗಿದ ಬಾಯಿ. ಅದಕ್ಕೆ ಮದ್ದು ಒದ್ದೆ ಅರಳೆ, ತುಟಿಗೆ ಸವರಿದ ತುಪ್ಪ ಅಥವಾ ವ್ಯಾಸಲೀನ್, ಮೆಲ್ಲಗೆ ಒರೆಸಿದ ನಾಲಿಗೆ. ನಿಮ್ಮ ತಂದೆಯವರಿಗೆ ಇದೆಲ್ಲವೂ ದೊರೆಯಿತು. ರೋಗ ಮುಗಿಯುವ ಹಂತಕ್ಕೆ ಬಂದಿದ್ದರಿಂದ ಊಟ ನಿಂತಿತೇ ಹೊರತು, ಊಟ ನಿಂತದ್ದರಿಂದ ಅವರು ಹೋಗಲಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅದನ್ನು ಓದಿ ನನಗೆ ನೋವಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಗಲು ರಾತ್ರಿ ಆ ಹಾಸಿಗೆಯ ಬಳಿ ಇದ್ದವರು ಯಾರು? ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡವರು, ನಾಲ್ಕು ತಾಸಿಗೊಮ್ಮೆ ನೋವಿನ ಇಂಜೆಕ್ಷನ್ ತಪ್ಪಿಸದವರು ಯಾರು? ಮಾತನಾಡುವ ಅಧಿಕಾರ ಬಂದದ್ದು ಆ ಕೆಲಸದಿಂದ.

ನನ್ನ ಅವ್ವ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಕೊನೆಯ ವಾರ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಅಥಣಿ ಕಡೆಯ ಒಬ್ಬ ಸಿಸ್ಟರ್ ರಾತ್ರಿ ಪಾಳಿಗೆ ಬರುತ್ತಿದ್ದರು. ಮುಟ್ಟುವ ಮುನ್ನ ಪ್ರತಿ ಸಲವೂ ಅವ್ವನ ಕಿವಿಯ ಬಳಿ ಬಾಗಿ, "ಅಮ್ಮಾರ, ಈಗ ಮಗ್ಗಲಾ ತಿರುವತೀನ್ರಿ, ಸ್ವಲ್ಪ ತ್ರಾಸ ಆಕ್ಕೈತಿ" ಎನ್ನುತ್ತಿದ್ದರು. ಉತ್ತರ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಕೇಳಿಸುತ್ತಿರಬಹುದೆಂಬುದೂ ಗೊತ್ತಿತ್ತು. ಮೊದಲ ರಾತ್ರಿ ನಾನು ಗೋಡೆಗೆ ಒರಗಿ ನಿಂತು ನೋಡಿದೆ. ಎರಡನೆಯ ರಾತ್ರಿ ಅವರು ನನ್ನ ಕೈಗೆ ಅರಳೆ ಕೊಟ್ಟರು. ಮೂರನೆಯ ರಾತ್ರಿಯಿಂದ ನಾನೂ ಅವ್ವನೊಡನೆ ಮಾತನಾಡತೊಡಗಿದೆ. ಆ ಅರಳೆ ಅವ್ವನಿಗಾಗಿ ಎಷ್ಟಿತ್ತೋ ನನಗಾಗಿಯೂ ಅಷ್ಟೇ ಇತ್ತು ಎಂದು ನನಗೆ ಹೊಳೆಯಲು ವರುಷಗಳೇ ಹಿಡಿದವು. ಅದಕ್ಕೆ ಮೊದಲು ಬೇರೊಂದು ಕಡೆ ಡಾಕ್ಟರರು ವರಾಂಡದಲ್ಲಿ ನಡೆಯುತ್ತಲೇ "ಇನ್ನ ಏನೂ ಮಾಡೂದಿಲ್ಲ, ಮನೀಗೆ ಒಯ್ರಿ" ಎಂದು ಹೇಳಿ ಹೋಗಿದ್ದರು. ಮಾಡುವುದು ಎಷ್ಟೊಂದಿತ್ತು ಎಂಬುದನ್ನು ಆ ಸಿಸ್ಟರ್ ಏಳು ರಾತ್ರಿಗಳಲ್ಲಿ ತೋರಿಸಿಕೊಟ್ಟರು.

ಸಾಯುವವರ ಆರೈಕೆಗೆ ಹೊಸ ದಾರಿ ತೋರಿದ ಸಿಸಿಲಿ ಸಾಂಡರ್ಸ್ ಕೂಡ ಮೊದಲು ನರ್ಸ್ ಆಗಿದ್ದವರೇ. ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಗಿ ಬಂದಾಗ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಆಮೇಲೆ ವೈದ್ಯಕೀಯ ಓದಿ ಡಾಕ್ಟರಾದರು, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಸಾಯುವವರ ಆರೈಕೆಯ ತಾಣವನ್ನು ತೆರೆದರು. ನೋವು ಮರಳುವವರೆಗೆ ಕಾಯದೆ ಗಡಿಯಾರ ನೋಡಿ ಔಷಧ ಕೊಡಬೇಕು, ದೇಹದ ನೋವಿನ ಜೊತೆಗೆ ಮನಸ್ಸಿನ, ಮನೆತನದ, ನಂಬಿಕೆಯ ನೋವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಅವರು ಕಲಿಸಿದರು. "ಅಫೀಮಿನ ಸೂಜಿ ಚುಚ್ಚಿ ಮಲಗಿಸಿಬಿಟ್ಟರು" ಎಂದು ನಿಮ್ಮ ಬಂಧುಗಳು ದೂರಿದ ಆ ಮಾರ್ಫಿನ್, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ನೋವನ್ನೂ ಉಸಿರಿನ ಕಷ್ಟವನ್ನೂ ತಗ್ಗಿಸುವ ಔಷಧ.

ಮಧ್ಯಪ್ರದೇಶ, ರಾಜಸ್ಥಾನಗಳ ಹೊಲಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುವ ದೇಶ ನಮ್ಮದು. ಹಾಗಿದ್ದೂ 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ಹಲವು ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ನಿಯಮ ಸಡಿಲಿಸುವ ತಿದ್ದುಪಡಿಗೆ 2014ರವರೆಗೆ ಕಾಯಬೇಕಾಯಿತು. ಕಾನೂನು ಸಡಿಲಾದರೂ ಅಂಜಿಕೆ ಸಡಿಲಾಗಿಲ್ಲ. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಹಚ್ಚಿದ ದೀಪ ಊರೂರಿಗೆ ಹಬ್ಬಿ, 2008ರಲ್ಲಿ ಆ ರಾಜ್ಯ ಉಪಶಮನ ಆರೈಕೆಗೆಂದೇ, ಅಂದರೆ ಗುಣವಾಗದ ರೋಗಿಯ ನೋವು ನರಳಾಟ ತಗ್ಗಿಸುವ ಆರೈಕೆಗೆಂದೇ, ನೀತಿ ರೂಪಿಸಿತು. ಅಲ್ಲಿ ನರ್ಸ್ ಚೀಲ ಹೊತ್ತು ರೋಗಿಯ ಮನೆಗೇ ಹೋಗುತ್ತಾರೆ. ನಮ್ಮಲ್ಲಿಯೂ ಬೆಂಗಳೂರಿನಲ್ಲಿ ಕರುಣಾಶ್ರಯದಂಥ ತಾಣವಿದೆ, ನಿಜ. ಇಂಡಿ, ಸಿಂದಗಿ, ಹುನಗುಂದ, ಬೀಳಗಿಯ ರೋಗಿಗೆ ಬೆಂಗಳೂರು ಎಷ್ಟು ದೂರವೆಂದು ನಿಮಗೆ ನಾನು ಹೇಳಬೇಕಿಲ್ಲ. ಮೀರಜ್, ಸೊಲ್ಲಾಪುರ, ಹುಬ್ಬಳ್ಳಿ ಎಂದು ಅಲೆದು, ಹೊಲ ಅಡವಿಟ್ಟು, ಕಡೆಗೆ ಬಾಡಿಗೆ ಕ್ರೂಸರಿನ ಹಿಂದಿನ ಸೀಟಿನಲ್ಲಿ ನರಳುತ್ತ ಮನೆಗೆ ಮರಳುವವರನ್ನು ನೀವೂ ಕಂಡಿದ್ದೀರಿ.

ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, ಗುಣವಾಗುವ ಭರವಸೆಯಿಲ್ಲದವರಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವ ವಿಧಾನವನ್ನು 2023ರಲ್ಲಿ ಸರಳಗೊಳಿಸಿತು. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ನಾನು ಇವನ್ನೆಲ್ಲ ಸ್ವಾಗತಿಸುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ಆ ಘನತೆಯನ್ನು ಕಾಯುವವರು ಒಬ್ಬರೇ ಇಡೀ ವಾರ್ಡನ್ನು ನೋಡಿಕೊಳ್ಳುವ, ಗುತ್ತಿಗೆಯ ಸಂಬಳದ ನರ್ಸ್ ಆಗಿದ್ದರೆ, ಅವರು ಯಾರ ಕಿವಿಯ ಬಳಿ ಬಾಗಿ ಮಾತನಾಡಬೇಕು? ಮಠದ ವೇದಿಕೆಯಿಂದ ಮರಣವೇ ಮಹಾನವಮಿ ಎಂದು ಕೇಳಿ ತಲೆದೂಗುವ ನಾವು, ಆಸ್ಪತ್ರೆಗೆ ದಾನ ಕೊಡುವಾಗ ಯಂತ್ರಕ್ಕೆ ಕೊಡುತ್ತೇವೆ, ಗೋಡೆಯ ಮೇಲೆ ಹೆಸರು ಕೆತ್ತಿಸುತ್ತೇವೆ. ಒಬ್ಬ ನರ್ಸಿಗೆ ಈ ಆರೈಕೆಯ ತರಬೇತಿ ಕೊಡಿಸುತ್ತೇನೆಂದು ಮುಂದೆ ಬಂದ ಒಬ್ಬ ದಾನಿಯನ್ನೂ ನಾನು ಇಷ್ಟು ವರುಷಗಳಲ್ಲಿ ಕಂಡಿಲ್ಲ.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಬೇರೆ ಮಾತಿನ ನಡುವೆ, ಒಂದು ಸಾಲು ಬರೆದಿದ್ದೀರಿ. ತಂದೆಯವರು ತೀರಿಕೊಂಡ ಬಳಿಕ ಆ ನರ್ಸ್ ನಳಿಕೆಗಳನ್ನು ತೆಗೆದು, ಮುಖ ತೊಳೆದು, ದಿಂಬಿನ ಕೆಳಗಿದ್ದ ವಿಭೂತಿಯನ್ನು ಹಣೆಗೆ ಹಚ್ಚಿ, ಆಮೇಲೆ ನಿಮ್ಮನ್ನೆಲ್ಲ ಒಳಗೆ ಕರೆದರು. ಸೋದರತ್ತೆಯವರಿಗೆ ಈ ಸಾಲನ್ನು ಓದಿ ಹೇಳಿದ್ದೀರಾ? ಹೇಳಿರದಿದ್ದರೆ ಹೇಳಿ. ಸಾಧ್ಯವಾದರೆ ಒಂದು ದಿನ ಅವರನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ಆ ವಾರ್ಡಿಗೆ ಹೋಗಿ ಬನ್ನಿ. ತಮ್ಮ ಹಸಿದಿದ್ದನೇ ಎಂಬ ಪ್ರಶ್ನೆಯನ್ನು ಅವರೇ ಆ ಸಿಸ್ಟರನ್ನು ಕೇಳಲಿ.

— ಸಂಪಾದಕ