ಉದ್ಯಮಶೀಲತೆಗೆ ಪ್ರತ್ಯೇಕ ಪಠ್ಯಪುಸ್ತಕ ಬೇಕೇ?

ಮಾನ್ಯ ಶಿಕ್ಷಕರೇ, ದಾವಣಗೆರೆಯ ತಮ್ಮ ಪ್ರೌಢಶಾಲೆಯಲ್ಲಿ ಉದ್ಯಮಶೀಲತೆಯನ್ನು ಪಠ್ಯಪುಸ್ತಕ, ಪರೀಕ್ಷೆಗಳಿರುವ ಪ್ರತ್ಯೇಕ ವಿಷಯವಾಗಿಯೇ ಕಲಿಸಬೇಕೇ ಎಂದು ಕೇಳಿದ್ದೀರಿ. ಬೇಡವೆಂದೇ ನನ್ನ ಅಭಿಪ್ರಾಯ. ದೆಹಲಿ ಸರ್ಕಾರವು 2019ರಲ್ಲಿ 9ರಿಂದ 12ನೆಯ ತರಗತಿಗಳಿಗೆ ತಂದ ಉದ್ಯಮಶೀಲತಾ ಪಠ್ಯಕ್ರಮವು ಪರೀಕ್ಷೆಯನ್ನು ಬಿಟ್ಟು ಚಟುವಟಿಕೆಯನ್ನು ನೆಚ್ಚಿತು. 2021ರಲ್ಲಿ 11 ಮತ್ತು 12ನೆಯ ತರಗತಿಯವರಿಗೆ ತಲಾ 2,000 ರೂಪಾಯಿಯ ಮೂಲ ಬಂಡವಾಳವನ್ನೂ ಒದಗಿಸಲಾಯಿತು.

ನಮ್ಮಲ್ಲಿ ಅಷ್ಟು ಹಣವಿಲ್ಲದಿದ್ದರೂ ಮಕ್ಕಳ ಸಂತೆಯಿದೆ. ಆದರೆ ಹಿತ್ತಿಲಿನಿಂದ ತಂದ ಸೊಪ್ಪನ್ನು ಮಾರಿ, ಬಂದದ್ದನ್ನೆಲ್ಲ ಲಾಭವೆಂದು ಬರೆದುಕೊಳ್ಳುವುದೇ ಅಲ್ಲಿನ ರೂಢಿ (ಪಾಲಕರು ಮುಲಾಜಿಗೆ ಕೊಳ್ಳುವುದನ್ನು ಬೇರೆ ಹೇಳಬೇಕಿಲ್ಲ). ಬೀಜ, ನೀರು, ಅಮ್ಮನ ದುಡಿಮೆ, ಮಾರಾಟವಾಗದೆ ಬಾಡಿದ ಕಟ್ಟು, ಇವೆಲ್ಲಕ್ಕೂ ಬೆಲೆ ಕಟ್ಟಿಸಿ, ಮುಂದಿನ ಸಂತೆಯ ದರವನ್ನು ಮಕ್ಕಳೇ ನಿರ್ಧರಿಸುವಂತೆ ಮಾಡಿದರೆ ಪಾಠದ ಅರ್ಧಭಾಗ ಅಲ್ಲಿಯೇ ಮುಗಿಯುತ್ತದೆ.

ಉಳಿದರ್ಧಕ್ಕೆ ಊರಿನ ಮಂಡಕ್ಕಿ ಭಟ್ಟಿಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಗಳಿಗೆ ಸೂಚಿಸಿರುವ, ಮಕ್ಕಳು ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕೆಲಸ ಕಲಿಯುವ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯ ಮಾದರಿಯಲ್ಲಿ, ತಮ್ಮ ಮಕ್ಕಳನ್ನೂ ಎರಡು ದಿನ ಅಲ್ಲಿಗೆ ಕರೆದೊಯ್ಯಿರಿ. ಒಂದು ಚೀಲ ಭತ್ತವು ಮಂಡಕ್ಕಿಯಾಗುವಷ್ಟರಲ್ಲಿ ಉರುವಲು, ಉಪ್ಪು, ಕೂಲಿ, ಸಾಗಣೆಗಳಿಗೆ ಎಷ್ಟೆಷ್ಟು ತಗಲುತ್ತದೆಂದು ಅವರೇ ಮಾಲೀಕರನ್ನು ಕೇಳಿ ಬರೆದುಕೊಳ್ಳಲಿ. ಹೊಗೆಯಿಂದಲೂ ಕಾದ ಮರಳಿನಿಂದಲೂ ಅವರನ್ನು ದೂರ ನಿಲ್ಲಿಸುವುದು ಮಾತ್ರ ತಮ್ಮ ಹೊಣೆ.